ಹಿಂದೆ ನಿಂತು ಆಡುವವನ ಕಥೆ: ಬ್ರೆಜಿಲ್‌ನಿಂದ ಬೆಂಗಳೂರಿಗೆ ಬಂದ ಅಲನ್ ಕೋಸ್ಟಾ

ಫುಟ್‌ಬಾಲ್ ಎಂದರೆ ನಮ್ಮ ಕಡೆಯ ಹುಡುಗರಿಗೆ ನೆನಪಾಗುವುದು ಗೋಲು ಹೊಡೆಯುವವರೇ. ಪೆಲೆ, ಮರಡೋನಾ, ಮೆಸ್ಸಿ... ಬೆಂಗಳೂರಿನ ಮಟ್ಟಿಗೆ ಸುನಿಲ್ ಛೆಟ್ರಿ. ಗೋಲು ತಡೆಯುವವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಶಾಲೆಯ ಮೈದಾನದಲ್ಲೂ ಅಷ್ಟೇ. ಚೆನ್ನಾಗಿ ಆಡಲು ಬಾರದವನನ್ನು ಹಿಂದೆ ನಿಲ್ಲಿಸುವುದು ರೂಢಿ. ಇದು ಎಷ್ಟು ತಪ್ಪು ಎಂದು ತಿಳಿಯಲು ಅಲನ್ ಕೋಸ್ಟಾ ಆಟ ನೋಡಬೇಕು.

1990ರಲ್ಲಿ ಹುಟ್ಟಿದ ಕೋಸ್ಟಾ ಬ್ರೆಜಿಲ್ ದೇಶದವರು. ಅಲ್ಲಿನ ಪೋರ್ಟೊ ಅಲೆಗ್ರೆ ನಗರದ ಹೆಸರಾಂತ ಇಂಟರ್‌ನ್ಯಾಸಿಯೊನಾಲ್ ಕ್ಲಬ್‌ಗೆ ಆಡಿದವರು. 2021ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಅವರ ಜಾಗ ಸೆಂಟರ್ ಬ್ಯಾಕ್, ಅಂದರೆ ಗೋಲ್‌ಕೀಪರ್ ಮುಂದೆ ನಡುವಿನಲ್ಲಿ ನಿಲ್ಲುವ ರಕ್ಷಣಾ ಆಟಗಾರ.

ಈ ಕೆಲಸ ನಮ್ಮ ಕಬಡ್ಡಿ, ಅದೇ ಚೆಡುಗುಡು ಆಡಿದವರಿಗೆ ಬೇಗ ಅರ್ಥವಾಗುತ್ತದೆ. ರೈಡರ್ ಬಂದ ಕೂಡಲೇ ಮೂಲೆಯವನು ಆತುರಪಟ್ಟು ನುಗ್ಗಿದರೆ ಪಾಯಿಂಟ್ ಹೋಯಿತು. ಕಾಯಬೇಕು, ಅವನ ಕಾಲಿನ ಮೇಲೆ ಕಣ್ಣಿಡಬೇಕು. ಸೆಂಟರ್ ಬ್ಯಾಕ್ ಕೂಡ ಹಾಗೇ. ಮೊದಲೇ ಕಾಲು ಹಾಕಿದರೆ ಎದುರಾಳಿ ದಾಟಿ ಹೋಗುತ್ತಾನೆ. ತಡವಾದರೆ ಫೌಲ್, ಅದು ಗೋಲಿನ ಮುಂದಿನ ಚೌಕದೊಳಗೆ ಆದರೆ ನೇರ ಪೆನಾಲ್ಟಿ. ಇನ್ನು ಕಾರ್ನರ್ ಕಿಕ್ ಸಿಕ್ಕಾಗ ಇವರೇ ಮುಂದೆ ಹೋಗಿ ಚೆಂಡಿಗೆ ತಲೆ ಕೊಡಬೇಕು. ಗೋಲಾಗದಿದ್ದರೆ ಮತ್ತೆ ಹಿಂದಕ್ಕೆ ಓಟ!

ಬೆಂಗಳೂರಿಗೆ ಆಡಲು ಬಂದರೂ ಮೊದಲ ಲೀಗ್‌ನಲ್ಲಿ ಕೋಸ್ಟಾಗೆ ಬೆಂಗಳೂರಿನ ಪ್ರೇಕ್ಷಕರು ಸಿಗಲಿಲ್ಲ. ಕೊರೊನಾ ಕಾರಣ 2021-22ರ ಐಎಸ್‌ಎಲ್ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು. ತಂಡ 6ನೇ ಸ್ಥಾನಕ್ಕೆ ನಿಂತಿತು.

ಮರುವರ್ಷ ಅದೃಷ್ಟ ತಿರುಗಿತು. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತಾದಲ್ಲಿ ಡುರಾಂಡ್ ಕಪ್ ಫೈನಲ್. 1888ರಲ್ಲಿ ಶುರುವಾದ ಈ ಟೂರ್ನಿ ದೇಶದಲ್ಲೇ ಹಳೆಯದು. ಮುಂಬೈ ಸಿಟಿ ಎದುರು 1-1 ಇದ್ದಾಗ ಛೆಟ್ರಿ ಒದ್ದ ಕಾರ್ನರ್‌ಗೆ ಕೋಸ್ಟಾ ತಲೆ ಕೊಟ್ಟರು. ಬೆಂಗಳೂರಿಗೆ 2-1 ಜಯ, ಕಪ್ ಕೂಡ. ಇಪ್ಪತ್ತೇ ದಿನಕ್ಕೆ ಐಎಸ್‌ಎಲ್ ಕಂಠೀರವ ಕ್ರೀಡಾಂಗಣಕ್ಕೆ ಮರಳಿತು. ಅಕ್ಟೋಬರ್ 8ರಂದು ನಾರ್ತ್‌ಈಸ್ಟ್ ವಿರುದ್ಧ 87ನೇ ನಿಮಿಷದವರೆಗೂ ಗೋಲಿಲ್ಲ. ಆಗಲೂ ಕೋಸ್ಟಾ ತಲೆಯೇ ಕೈಹಿಡಿಯಿತು, 1-0!

ಕಷ್ಟದ ದಿನ ಬಂದದ್ದು 2023ರ ಮಾರ್ಚ್ 18ಕ್ಕೆ. ಗೋವಾದಲ್ಲಿ ಐಎಸ್‌ಎಲ್ ಫೈನಲ್, ಎದುರಾಳಿ ಎಟಿಕೆ ಮೋಹನ್ ಬಾಗಾನ್. ಪಂದ್ಯ 2-2. ಗಮನಿಸಿ, ಬಾಗಾನ್‌ನ ಎರಡೂ ಗೋಲು ಪೆನಾಲ್ಟಿಯಿಂದಲೇ ಬಂದವು. ಶೂಟೌಟ್‌ನಲ್ಲಿ ಬೆಂಗಳೂರಿನ ಮೊದಲ ಒದೆತಕ್ಕೆ ಬಂದವರು ಕೋಸ್ಟಾ. ಗೋಲು ಹೊಡೆದರು. ಆದರೆ ತಂಡದ ಎರಡು ಒದೆತ ವ್ಯರ್ಥವಾಗಿ 4-3ರಿಂದ ಕಪ್ ಕೈತಪ್ಪಿತು. ಆ ಋತುವಿನೊಂದಿಗೆ ಬೆಂಗಳೂರಿನಲ್ಲಿ ಕೋಸ್ಟಾ ಆಟವೂ ಮುಗಿಯಿತು.

ನಮ್ಮ ಮಡಕಶಿರಾ, ರಾಯದುರ್ಗ ಕಡೆಯ ಮಕ್ಕಳಿಗೆ ಅನಂತಪುರದ ಆರ್‌ಡಿಟಿ ಕ್ರೀಡಾ ಕೇಂದ್ರ ದೂರವೇನಲ್ಲ, ಅಲ್ಲಿ ಫುಟ್‌ಬಾಲ್ ಕಲಿಸುತ್ತಾ ಬಂದಿದ್ದಾರೆ. ಮಗ ಬಂದು ‘ನನ್ನನ್ನು ಹಿಂದೆ ನಿಲ್ಲಿಸಿದರು’ ಎಂದು ಮುಖ ಸಣ್ಣದು ಮಾಡಿಕೊಂಡರೆ ಕೋಸ್ಟಾ ಹೊಡೆದ ಆ ಎರಡು ಗೋಲುಗಳ ಕಥೆ ಹೇಳಿ.