ಶಿರಹಟ್ಟಿ ಗೆದ್ದವರಿಗೇ ವಿಧಾನಸೌಧವೆ?

ಶಿರಹಟ್ಟಿಯಲ್ಲಿ ಯಾವ ಪಕ್ಷ ಗೆಲ್ಲುತ್ತದೋ ರಾಜ್ಯದಲ್ಲಿ ಅದೇ ಪಕ್ಷದ ಸರ್ಕಾರ ಎಂಬ ಮಾತು ವಿಧಾನಸಭೆ ಚುನಾವಣೆ ಬಂದಾಗಲೆಲ್ಲ ಗದಗ ಜಿಲ್ಲೆಯಿಂದ ಹೊರಟು ಇಡೀ ಕರ್ನಾಟಕ ಸುತ್ತುತ್ತದೆ. 2023ರ ಮೇ 13ರಂದು ಮತ ಎಣಿಕೆ ಮುಗಿದಾಗ ಅಲ್ಲಿ ಗೆದ್ದಿದ್ದವರು ಬಿಜೆಪಿಯ ಡಾ. ಚಂದ್ರು ಲಮಾಣಿ, ಸರ್ಕಾರ ರಚಿಸಿದ್ದು 224ರಲ್ಲಿ 135 ಸ್ಥಾನ ಪಡೆದ ಕಾಂಗ್ರೆಸ್. ನಂಬಿಕೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ‘ಅದೊಂದು ಸಲ ತಪ್ಪಿತು’ ಎಂಬ ಸಮಜಾಯಿಷಿ ಅದರ ಬೆನ್ನಿಗೆ ನಿಂತಿತು. ಆದರೆ ಲೆಕ್ಕ ಹಾಕಿ ನೋಡಿದರೆ ಈ ನಂಬಿಕೆಗೆ ಮೊದಲಿನಿಂದಲೂ ಬುಡವಿರಲಿಲ್ಲ ಎಂಬುದು ಗೊತ್ತಾಗುತ್ತದೆ.

2018ನ್ನೇ ತೆಗೆದುಕೊಳ್ಳಿ. ಆಗ ಶಿರಹಟ್ಟಿಯಲ್ಲಿ ಬಿಜೆಪಿಯ ರಾಮಣ್ಣ ಲಮಾಣಿ ಗೆದ್ದರು. ಯಡಿಯೂರಪ್ಪನವರ ಸರ್ಕಾರ ಮೂರೇ ದಿನಕ್ಕೆ ಮುಗಿದು, ಕುಮಾರಸ್ವಾಮಿ ನೇತೃತ್ವದ ಕಾಂಗ್ರೆಸ್–ಜೆಡಿಎಸ್ ಮೈತ್ರಿಕೂಟ ಅಧಿಕಾರಕ್ಕೆ ಬಂತು. 2019ರ ಜುಲೈನಲ್ಲಿ ಅದು ಬಿದ್ದು ಬಿಜೆಪಿ ಬಂದದ್ದೇ ತಡ, ‘ನೋಡಿ, ಶಿರಹಟ್ಟಿ ಸುಳ್ಳಾಗಲಿಲ್ಲ’ ಎನ್ನುವವರು ಸಿದ್ಧರಾದರು. ಆದರೆ ಆ ಐದು ವರ್ಷಗಳಲ್ಲಿ ಮೂರೂ ಪಕ್ಷಗಳು ಅಧಿಕಾರ ಹಿಡಿದಿದ್ದವು. ಶಿರಹಟ್ಟಿಯಲ್ಲಿ ಕಾಂಗ್ರೆಸ್ ಗೆದ್ದಿದ್ದರೂ ಭವಿಷ್ಯ ನಿಜವಾಗುತ್ತಿತ್ತು, ಜೆಡಿಎಸ್ ಗೆದ್ದಿದ್ದರೂ ನಿಜವಾಗುತ್ತಿತ್ತು. 2004ರ ಅತಂತ್ರ ವಿಧಾನಸಭೆಯದೂ ಇದೇ ಕಥೆ: ಮೊದಲು ಧರ್ಮಸಿಂಗ್ ನೇತೃತ್ವದಲ್ಲಿ ಕಾಂಗ್ರೆಸ್–ಜೆಡಿಎಸ್, 2006ರಲ್ಲಿ ಜೆಡಿಎಸ್–ಬಿಜೆಪಿ. ಯಾರು ಗೆದ್ದರೂ ಸರಿಹೋಗುವ ಭವಿಷ್ಯವನ್ನು ಭವಿಷ್ಯ ಎನ್ನಲಾಗದು.

‘ಹಾಗಾದರೆ ಒಂದೇ ಪಕ್ಷ ಸ್ಪಷ್ಟವಾಗಿ ಮುಂದಿದ್ದ ಚುನಾವಣೆಗಳಲ್ಲಿ ತಾಳೆಯಾದದ್ದು ಹೇಗೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಉತ್ತರ ಲೆಕ್ಕದಲ್ಲಿದೆ. ಅಧಿಕಾರ ಹಿಡಿದ ಪಕ್ಷ 1985ರಲ್ಲಿ 139 ಸ್ಥಾನ ಗೆದ್ದಿತ್ತು, 1989ರಲ್ಲಿ 178, 1994ರಲ್ಲಿ 115, 1999ರಲ್ಲಿ 132, 2008ರಲ್ಲಿ 110, 2013ರಲ್ಲಿ 122. ಅಂದರೆ ಪ್ರತಿ ಸಲವೂ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಕ್ಷೇತ್ರಗಳು ಸರ್ಕಾರದ ಕಡೆಗೇ ಇದ್ದವು. ಈ ಆರು ಚುನಾವಣೆಗಳ ಅನುಪಾತಗಳನ್ನು ಒಂದಕ್ಕೊಂದು ಗುಣಿಸಿದರೆ ಸುಮಾರು ಶೇ 4 ಬರುತ್ತದೆ. 224ರಲ್ಲಿ ಅದು ಹೆಚ್ಚುಕಡಿಮೆ ಒಂಬತ್ತು ಕ್ಷೇತ್ರ. ಯಾವ ಮಹಿಮೆಯೂ ಇಲ್ಲದೆ, ಬರೀ ಆಕಸ್ಮಿಕವಾಗಿಯೇ ಅಷ್ಟು ಕ್ಷೇತ್ರಗಳು ಆರಕ್ಕೆ ಆರೂ ಸಲ ಗೆದ್ದವರ ಜೊತೆಗಿರಬಲ್ಲವು. ನಿಜದಲ್ಲಿ ಈ ಸಂಖ್ಯೆ ಇನ್ನೂ ಹೆಚ್ಚಿರಬೇಕು; ಒಂದೇ ಪಕ್ಷದ ಭದ್ರಕೋಟೆಗಳು ಈ ಆಟದಲ್ಲಿ ಇರುವುದೇ ಇಲ್ಲ, ಗಾಳಿ ಬಂದತ್ತ ವಾಲುವ ಕ್ಷೇತ್ರಗಳು ಪದೇ ಪದೇ ತಾಳೆಯಾಗುತ್ತವೆ. ಶಿರಹಟ್ಟಿ ಅಂಥದೊಂದು ಕ್ಷೇತ್ರ ಎನ್ನಿ, ಒಪ್ಪಬಹುದು. ಆದರೆ ಆಗ ರಾಜ್ಯದ ಗಾಳಿ ಶಿರಹಟ್ಟಿಗೆ ಬೀಸಿತು ಎಂದಾಗುತ್ತದೆಯೇ ಹೊರತು ಶಿರಹಟ್ಟಿ ಸರ್ಕಾರ ತಂದಿತು ಎಂದಲ್ಲ.

ಆ ಗಾಳಿಯ ಮಾತೂ ಪೂರ್ತಿ ನಿಲ್ಲುವುದಿಲ್ಲ. 2013ರಲ್ಲಿ ಕಾಂಗ್ರೆಸ್‌ನ ರಾಮಕೃಷ್ಣ ದೊಡ್ಡಮನಿ ಅಲ್ಪ ಅಂತರದಲ್ಲಿ ಗೆದ್ದಾಗ ಬಿಜೆಪಿಯ ಮತಗಳನ್ನು ಕೆಜೆಪಿ ಮತ್ತು ಬಿಎಸ್‌ಆರ್ ಕಾಂಗ್ರೆಸ್ ರಾಜ್ಯದ ಉದ್ದಕ್ಕೂ ಒಡೆದಿದ್ದವು. ಹತ್ತು ವರ್ಷದ ನಂತರ ಅದೇ ದೊಡ್ಡಮನಿ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತು ಎರಡನೇ ಸ್ಥಾನಕ್ಕೆ ಬಂದರು, ಕಾಂಗ್ರೆಸ್‌ನ ಅಧಿಕೃತ ಅಭ್ಯರ್ಥಿ ಅವರ ಹಿಂದೆ ಉಳಿದರು. ಒಂದು ಪಕ್ಷದ ಮತ ಇಬ್ಭಾಗವಾದದ್ದೇ ಅಲ್ಲಿ ಬಿಜೆಪಿಯ ಹಾದಿ ಸುಗಮ ಮಾಡಿತು. ಇದಲ್ಲದೆ 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಮುಂಡರಗಿ ಕ್ಷೇತ್ರ ರದ್ದಾಗಿ ಆ ತಾಲ್ಲೂಕಿನ ಹಲವು ಊರುಗಳು ಶಿರಹಟ್ಟಿಗೆ ಸೇರಿದವು, ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಗಡಿ ಬದಲಾಯಿತು, ಮತದಾರರು ಬದಲಾದರು, ಅಭ್ಯರ್ಥಿಗಳೂ ಬದಲಾದರು. ಹೆಸರು ಮಾತ್ರ ಹಳೆಯದು. ಎಂಬತ್ತರ ದಶಕದ ಶಿರಹಟ್ಟಿಯನ್ನೂ ಇಂದಿನದನ್ನೂ ಒಂದೇ ದಾರದಲ್ಲಿ ಪೋಣಿಸುವುದಾದರೂ ಹೇಗೆ?

ಮುಖ್ಯಮಂತ್ರಿ ಚಾಮರಾಜನಗರಕ್ಕೆ ಹೋದರೆ ಕುರ್ಚಿ ಹೋಗುತ್ತದೆ ಎಂಬುದೂ ಇದೇ ಜಾತಿಯ ನಂಬಿಕೆ. ಸಿದ್ದರಾಮಯ್ಯ ಹಲವು ಬಾರಿ ಹೋಗಿಬಂದು 2013ರಿಂದ 2018ರ ತನಕ ಪೂರ್ತಿ ಅವಧಿ ಆಳಿದರು. ಆ ಊರಿನತ್ತ ಸುಳಿಯದ ಯಡಿಯೂರಪ್ಪ 2011ರಲ್ಲೂ 2021ರಲ್ಲೂ ಅವಧಿಗೆ ಮೊದಲೇ ಇಳಿದರು. ಇಂಥ ಮಾತುಗಳನ್ನು ನಿರುಪದ್ರವಿ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಚಾಮರಾಜನಗರದ ಜನ ವರ್ಷಗಟ್ಟಲೆ ತಮ್ಮ ಜಿಲ್ಲಾ ಕೇಂದ್ರದಲ್ಲಿ ಮುಖ್ಯಮಂತ್ರಿಯ ಮುಖ ಕಾಣಲಿಲ್ಲ. ಶಿರಹಟ್ಟಿಯಲ್ಲಿ ಚುನಾವಣೆಯ ಹೊತ್ತಿಗೆ ಬರುವ ಕ್ಯಾಮೆರಾಗಳ ಮುಂದೆ ‘ಈ ಸಲ ಯಾರ ಸರ್ಕಾರ?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ತುಂಗಭದ್ರೆಯಿಂದ ನೀರೆತ್ತುವ ಸಿಂಗಟಾಲೂರು ಏತ ನೀರಾವರಿಯ ನೀರು ಯಾವ ಹೊಲಕ್ಕೆ ಮುಟ್ಟಿದೆ, ಯಾವುದಕ್ಕೆ ಮುಟ್ಟಿಲ್ಲ, ಕಪ್ಪತಗುಡ್ಡದ ಅಂಚಿನ ಊರುಗಳಿಗೆ ಬೇಸಿಗೆಯಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಗೆದ್ದ ಶಾಸಕರನ್ನು ಹೆಸರು ಹಿಡಿದು ಕೇಳಬೇಕಾದ ಮತದಾರರನ್ನು ಶಕುನ ಹೇಳುವವರನ್ನಾಗಿ ಕೂರಿಸಲಾಗಿದೆ.