ನೀರಿನಡಿಯ ಹೆಸರುಗಳು

ಭೂಪಟವನ್ನೂ ಗ್ರಂಥದಂತೆ ಓದಬಹುದೆಂದು ನನ್ನ ಎಣಿಕೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಹಾಳೆಗಳಲ್ಲಿ ಒಂದು ಮೈಲಿಯ ನೆಲ ಒಂದು ಅಂಗುಲದಲ್ಲಿ ಅಡಗಿದೆ. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಎಡೆಗಳನ್ನು ಕೂಡಿಸಿ, ಸಾಮಾನ್ಯವಾಗಿ 50 ಅಡಿಗೊಂದರಂತೆ ಎಳೆದ ಕಂದುಗೆರೆಗಳೇ ಸಮೋನ್ನತಿ ರೇಖೆಗಳು. ಕಲಬುರಗಿಯಿಂದ ಕೆಂಪು ಬಾಳೆಯ ಕಮಲಾಪುರದವರೆಗಿನ ನಮ್ಮ ಸೀಮೆಯಲ್ಲಿ ಅವು ಬಹುಮಟ್ಟಿಗೆ ದೂರದೂರ. ನೆಲ ಮೆಲ್ಲನೆ ಏರಿಳಿಯುತ್ತದೆಂದು ಅದರ ಅರ್ಥ. ಬಯಲುಸೀಮೆಯವನಾದ ನಾನು ಶರಾವತಿ ಕಣಿವೆಯ ಹಾಳೆಯನ್ನು ಬಿಡಿಸಿದಾಗ ಅವೇ ಗೆರೆಗಳು ಹೆಬ್ಬೆರಳಿನ ಗುರುತಿನಂತೆ ಒತ್ತೊತ್ತಾಗಿ ಸುತ್ತಿಕೊಂಡಿದ್ದವು.

ಒಂದೇ ಹಾಳೆಯನ್ನು ಬೇರೆಬೇರೆಯವರು ಬೇರೆಬೇರೆಯಾಗಿ ಓದುತ್ತಾರೆ. ಹಸಿರು ಬಳಿದ ಕಡೆ ಅರಣ್ಯಾಧಿಕಾರಿ ಮರವನ್ನು ಕಂಡ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಮಲೆನಾಡಿನ ಕಾಡೇ ಇದ್ದಿಲಾಯಿತು. ಎಂಜಿನಿಯರನ ಓದು ಇನ್ನೊಂದು. ಗೆರೆಗಳು ಅಗಲವಾಗಿ ಹರಡಿ, ಒಂದೆಡೆ ಥಟ್ಟನೆ ಇಕ್ಕಟ್ಟಾದರೆ ಅಲ್ಲಿ ಅಣೆಕಟ್ಟು. ಮುಂದೆ ಒಂದರ ಮೇಲೊಂದು ಬಿದ್ದಂತಿದ್ದರೆ ಅಲ್ಲಿ ವಿದ್ಯುತ್ತು. ಹಿರೇಭಾಸ್ಕರದಲ್ಲಿ ನಿಂತ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ನಡೆಯತೊಡಗಿತು. 1964ರಲ್ಲಿ ಲಿಂಗನಮಕ್ಕಿ ಬಂದು ಆ ಹಿರೇಭಾಸ್ಕರದ ಕಟ್ಟೆಯನ್ನೇ ಮುಳುಗಿಸಿತು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಎಂದರೆ ನಕ್ಷೆಯ 1800ರ ಗೆರೆಯ ತುಸು ಮೇಲೆಯೇ ಹೊಸ ದಡ. ಗೆರೆಯ ಕೆಳಗಿನವರು ಊರು ಬಿಟ್ಟರು. ಅವರಲ್ಲಿ ಅನೇಕರಿಗೆ ಕೊಟ್ಟ ನೆಲ ದಾಖಲೆಗಳಲ್ಲಿ ಕಾಡಾಗಿಯೇ ಉಳಿದು, ಹಕ್ಕಿನ ವ್ಯಾಜ್ಯ ಇಂದಿಗೂ ಮುಗಿದಿಲ್ಲ.

ಅವರ ಬದುಕನ್ನು ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಬರೆದರು. ಊರುಗಳ ಹೆಸರಿಗೆ ಮಾತ್ರ ನಾನು ಹಳೆಯ ಹಾಳೆಗೇ ಮರಳುತ್ತೇನೆ. ಹೊಸ ಹಾಳೆಯ ನೀಲಿಯ ಜಾಗದಲ್ಲಿ ಅಲ್ಲಿ ಗದ್ದೆ, ಕೊಪ್ಪ, ಬೈಲು, ಮಕ್ಕಿಗಳಿವೆ. ಮಕ್ಕಿಯೆಂದರೆ ಹೊಳೆಯ ನೀರು ಹತ್ತದ, ಮಳೆಯನ್ನೇ ನಂಬಿದ ಎತ್ತರದ ಗದ್ದೆ. ನಾಡಿನ ಅತಿ ದೊಡ್ಡ ಜಲಾಶಯಗಳಲ್ಲೊಂದಕ್ಕೆ ಆ ಹೆಸರೇ ನಿಂತದ್ದು ಸೋಜಿಗ.

ಆದರೆ ಹಾಳೆಯ ಹೆಸರುಗಳು ರೋಮನ್ ಲಿಪಿಯಲ್ಲಿವೆ. ಅಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ. ‘ಮಲೆ’ಯೂ ‘ಮಳೆ’ಯೂ ಒಂದೇ. ಇರುವ ಊರಾದರೆ ಹೋಗಿ ಕೇಳಬಹುದು. ಮುಳುಗಿದ ಊರಿನ ಉಚ್ಚಾರವನ್ನು ಅಲ್ಲಿ ಬಾಲ್ಯ ಕಳೆದವರೇ ಹೇಳಬೇಕು. ಅವರೆಲ್ಲ ಈಗ ಎಪ್ಪತ್ತರ ಆಸುಪಾಸಿನವರು, ಅದಕ್ಕೂ ಮೇಲಿನವರು. ಸಾಗರ, ಹೊಸನಗರದ ಕಡೆಯ ಕನ್ನಡ ವಿದ್ಯಾರ್ಥಿಗಳು ಹಳೆಯ ಹಾಳೆಯೊಂದನ್ನು ಹಿಡಿದು ಅವರ ಜಗಲಿಗೆ ಹೋಗಿ, ಒಂದೊಂದೇ ಹೆಸರನ್ನು ಓದಿ ತಿದ್ದಿಸಿಕೊಂಡು ಬರೆದಿಡಬೇಕು.