ತಾಂಡಾದ ಕುಣಿತ ಮತ್ತು ತಾಂಡಾದ ಹಕ್ಕುಪತ್ರ



ಪ್ರತಿ ವರ್ಷ ಫೆಬ್ರವರಿ 15ರಂದು ಸರ್ಕಾರಿ ಕಚೇರಿಗಳಲ್ಲಿ ಸಂತ ಸೇವಾಲಾಲ್ ಜಯಂತಿ ಆಚರಿಸುವರು. ಬೀದರ್ ನಗರ, ಭಾಲ್ಕಿ, ಔರಾದ್‌ಗಳಲ್ಲಿ ತಮ್ಮ ಸಹಕಾರ ಸಂಘ ಅಥವಾ ಕಾರ್ಖಾನೆಯೂ ಅಂದು ಲಂಬಾಣಿ ಕುಣಿತ ಏರ್ಪಡಿಸಿದರೆ ಬಹಳ ಒಳ್ಳೆಯದು. ಆದರೆ ಈ ಗೌರವ ಏಕೆ ಸಲ್ಲಬೇಕೆಂಬುದನ್ನು ಮೊದಲು ತಿಳಿಯೋಣ.

ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ದಖ್ಖನ್ನಿನ ಉದ್ದಗಲಕ್ಕೂ ಸಾಗಿಸುತ್ತಿದ್ದರು. ಮೊಗಲರ ದಂಡಿಗೆ ಕಾಳು ಒದಗಿಸಿದವರೂ ಇವರೇ. ರೈಲು ಬಂದ ಮೇಲೆ ಈ ಕಸುಬು ಕುಂದಿತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಹಲವು ಪ್ರಾಂತಗಳಲ್ಲಿ ಇವರಿಗೂ ಹುಟ್ಟುಗಳ್ಳರೆಂಬ ಹಣೆಪಟ್ಟಿ ಹಚ್ಚಿತು. ಕಾಯ್ದೆ 1952ರಲ್ಲಿ ರದ್ದಾದರೂ ಜನರ ಮನಸ್ಸಿನ ಸಂಶಯ ಬೇಗ ಅಳಿಯಲಿಲ್ಲ. ತಾಂಡಾಗಳು ಊರಿನಿಂದ ದೂರವೇ ಉಳಿದವು. ಎಷ್ಟೋ ತಾಂಡಾಗಳಿಗೆ ಕಂದಾಯ ದಾಖಲೆಯಲ್ಲಿ ಹೆಸರೇ ಇರಲಿಲ್ಲ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಲ್ಲಿ ದಾಖಲೆ ಇಲ್ಲದ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅಲ್ಲಿನ ಸುಮಾರು 50 ಸಾವಿರ ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ತಲೆಮಾರುಗಳಿಂದ ವಾಸವಿದ್ದ ಮನೆಯ ಜಾಗ ಹೀಗೆ ಅವರದೇ ಆಯಿತು.

ಕಾರ್ಯಕ್ರಮ ಏರ್ಪಡಿಸುವವರು ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡಬೇಕು.

1. ತಾಂಡಾದ ನಾಯಕ ಮತ್ತು ಕಾರಭಾರಿಯವರನ್ನು ಮುಂಚಿತವಾಗಿ ಕಂಡು, ಯಾವ ಹಾಡು, ಯಾವ ಕುಣಿತ ಎಂಬುದನ್ನು ಅವರ ಇಷ್ಟಕ್ಕೇ ಬಿಡಿರಿ.

2. ಫೆಬ್ರವರಿ ತಿಂಗಳು ಕಡಲೆ ಕೀಳುವ, ಕಬ್ಬು ಕಡಿಯುವ ಕಾಲ. ಕುಣಿಯಲು ಬರುವ ತಾಯಂದಿರಿಗೆ ಆ ದಿನದ ಕೂಲಿ ತಪ್ಪುತ್ತದೆ. ಸಂಭಾವನೆ, ಬಸ್ಸಿನ ಖರ್ಚು, ಊಟ ಇವುಗಳನ್ನು ಅಂದೇ ಕೊಡಿರಿ.

3. ವೇದಿಕೆಯ ಮೇಲೆ ಅವರನ್ನೂ ಕೂರಿಸಿ, ತಾಂಡಾದ ಹಿರಿಯರಿಗೆ ಮಾತನಾಡಲು ಅವಕಾಶ ಕೊಡಿರಿ.

4. ಪಕ್ಕದಲ್ಲೇ ಒಂದು ಮೇಜು ಹಾಕಿ, ಕಾಗದಪತ್ರ ಬಲ್ಲ ಒಬ್ಬರನ್ನು ಕೂರಿಸಿರಿ. ಹಕ್ಕುಪತ್ರದಲ್ಲಿ ಹೆಸರು, ಅಳತೆ ಸರಿಯಿದೆಯೇ, ಪಂಚಾಯಿತಿ ದಾಖಲೆಗೆ ಏರಿದೆಯೇ ಎಂದು ಅವರು ನೋಡಿಕೊಡಲಿ.

ತಾಂಡಾದ ರೈತರು ಒಂದು ಮಾತನ್ನು ಮರೆಯಬಾರದು. ಈ ಹಕ್ಕುಪತ್ರ ಮನೆಯ ಜಾಗಕ್ಕೆ ಮಾತ್ರ. ಬೆಳೆ ಸಾಲಕ್ಕೆ ಹೊಲದ ಪಹಣಿಯೇ ಬೇಕು. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ, ಪೌತಿ ಖಾತೆಗೆ ನಾಡಕಚೇರಿಯಲ್ಲಿ ಇಂದೇ ಅರ್ಜಿ ಕೊಡಿರಿ.

ಕುಣಿತ ಒಂದು ತಾಸಿನಲ್ಲಿ ಮುಗಿಯುತ್ತದೆ. ಅದೇ ದಿನ ನಾಲ್ಕು ಮನೆಗಳ ಕಾಗದ ಸರಿಯಾದರೆ ಜಯಂತಿ ಸಾರ್ಥಕ.